ನಾಯಿಮರಿಗೊಂದು ಬಾಲವಾಡಿ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾವು ಮಕ್ಕಳ ವಿಷಯದಲ್ಲಿ ಎಷ್ಟು ಸಲ ಆಡುತ್ತೇವೋ ಲೆಕ್ಕವಿಲ್ಲ. ಮನೆಗೆ ತಂದ ನಾಯಿಮರಿಯ ವಿಷಯಕ್ಕೆ ಬಂದಾಗ ಮಾತ್ರ ನಮ್ಮ ನಾಲಿಗೆಗೆ ಬರುವ ಗಾದೆಯೇ ಬೇರೆ. ನಾಯಿಯ ಬಾಲವನ್ನು ನಳಿಗೆಯಲ್ಲಿಟ್ಟರೂ ಡೊಂಕೇ ಎಂದು ಕೈಚೆಲ್ಲಿಬಿಡುತ್ತೇವೆ. ಬಾಲವನ್ನು ನೆಟ್ಟಗೆ ಮಾಡುವುದು ಯಾರಿಗೂ ಬೇಕಿಲ್ಲ ಬಿಡಿ, ಅದು ಡೊಂಕಾಗಿದ್ದರೇ ಚೆಂದ. ನೆಟ್ಟಗಿರಬೇಕಾದದ್ದು ನಾಯಿಯ ನಡತೆ. ಆ ನಡತೆ ಕಲಿಯುವುದಕ್ಕೆ ಒಂದು ಹೊತ್ತಿದೆ. ಅದು ಬಹಳ ಚಿಕ್ಕದು. ಅದು ಕಳೆದುಹೋಗುವುದೂ ನಮ್ಮ ಮನೆಯ ಮೆಟ್ಟಿಲ ಕೆಳಗೇ, ನಾವು ನೋಡುನೋಡುತ್ತಿರುವಾಗಲೇ. ಇದನ್ನು ಹೇಳಬೇಕೆಂದೇ ಈ ನಾಲ್ಕು ಮಾತು.

ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವ ನನಗೂ ನಾಯಿಗೂ ಏನು ನಂಟು ಎಂದು ನೀವು ಕೇಳಬಹುದು. ನನ್ನ ನೌಕರಿಯೆಲ್ಲ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಲ್ಲೇ ಸುತ್ತಿದೆ. ವರ್ಗವಾದಂತೆಲ್ಲ ಬಾಡಿಗೆ ಮನೆ ಬದಲಾಗುತ್ತದೆ, ಬಾಡಿಗೆ ಮನೆ ಬದಲಾದಂತೆಲ್ಲ ಬೀದಿ ಬದಲಾಗುತ್ತದೆ, ಬೀದಿ ಬದಲಾದಂತೆಲ್ಲ ನಾಯಿಗಳು ಬದಲಾಗುತ್ತವೆ. ಬಸ್ ಸ್ಟ್ಯಾಂಡಿನಿಂದ ಶಾಲೆಗೆ ಕೈಚೀಲ, ಕೊಡೆ, ತಿದ್ದಬೇಕಾದ ಪೇಪರಿನ ಕಟ್ಟು ಹಿಡಿದು ನಡೆಯುವ ಹೆಂಗಸಿಗೆ ಯಾವ ಗೇಟಿನ ಹಿಂದೆ ಎಂಥ ನಾಯಿ ಇದೆ ಎಂಬುದು ಊರಿನ ಅಂಚೆಯವನಷ್ಟೇ ಚೆನ್ನಾಗಿ ತಿಳಿದಿರುತ್ತದೆ. ಇಪ್ಪತ್ತೈದು ವರ್ಷಕ್ಕೂ ಮೀರಿ ಹೀಗೆ ನಡೆದು ನಡೆದು ನಾನು ಕಂಡುಕೊಂಡದ್ದು ಇಷ್ಟು: ಕೆಟ್ಟ ನಾಯಿ ಎಂದು ಹೆಸರಾದವುಗಳಲ್ಲಿ ಹೆಚ್ಚಿನವು ಹೆದರಿದ ನಾಯಿಗಳು.

ಶ್ರೀರಂಗಪಟ್ಟಣದ ನಾಯಿಗಳನ್ನು ನೋಡಿ. ಕೋಟೆಯ ಒಳಗೆ ರಂಗನಾಥಸ್ವಾಮಿ ಗುಡಿಯ ಮುಂದೆ, ಗುಂಬಜ್‌ನ ಹಾದಿಯಲ್ಲಿ, ಸಂಗಮದ ಮೆಟ್ಟಿಲ ಮೇಲೆ ಎಷ್ಟು ಬಸ್ಸು, ಎಷ್ಟು ಜನ! ಕೆಂಪು ಟೋಪಿಯ ಪ್ರವಾಸಿಗರು, ಕ್ಯಾಮೆರಾದವರು, ಶಾಲೆಯ ಪ್ರವಾಸದ ಮಕ್ಕಳ ಕಿರುಚಾಟ, ಕುದುರೆಗಾಡಿ, ಪಶ್ಚಿಮವಾಹಿನಿಯಲ್ಲಿ ತಲೆ ಬೋಳಿಸಿಕೊಂಡು ಅಸ್ಥಿ ಬಿಡಲು ಬಂದವರು. ಅಲ್ಲಿನ ಬೀದಿನಾಯಿ ಇಷ್ಟನ್ನೂ ಕಣ್ಣು ಬಿಟ್ಟ ದಿನದಿಂದ ನೋಡುತ್ತ ಬೆಳೆದಿರುತ್ತದೆ. ನಾನಿದ್ದ ಕಾಲದಲ್ಲಿ, ನಡುದಾರಿಯಲ್ಲಿ ಮಲಗಿದ್ದ ನಾಯಿಯನ್ನು ದಾಟಿಕೊಂಡು ಇಡೀ ಬಸ್ಸಿನ ಜನ ಹೋದರೂ ಅದು ಒಂದು ಕಿವಿಯನ್ನಷ್ಟೇ ಅಲ್ಲಾಡಿಸಿ ಮತ್ತೆ ನಿದ್ದೆಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಅದಕ್ಕೆ ಯಾರೂ ಪಾಠ ಹೇಳಿಕೊಟ್ಟಿರಲಿಲ್ಲ. ಊರೇ ಹೇಳಿಕೊಟ್ಟಿತ್ತು.

ಪಾಂಡವಪುರಕ್ಕೆ ವರ್ಗವಾದ ಮೇಲೆ ಇದರ ತಿರುವುಮುರುವು ನೋಡಿದೆ. ನಾವಿದ್ದ ಬೀದಿಯ ಒಂದು ಮನೆಯವರು ತಿಂಗಳ ಅಲ್ಸೇಷಿಯನ್ ಮರಿಯೊಂದನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿಕೊಂಡು ತಂದರು. ಹೊಸದಾಗಿ ಕಟ್ಟಿದ ಮನೆ, ಕಳ್ಳಕಾಕರ ಭಯ. ಕಾಂಪೌಂಡಿನ ಒಳಗೆ ಮಹಡಿ ಮೆಟ್ಟಿಲ ಕೆಳಗೆ ಒಂದು ಕೊಂಡಿ, ಕೊಂಡಿಗೆ ಸರಪಣಿ, ಸರಪಣಿಗೆ ಮರಿ. ಮುದ್ದಿಸಲು ಬಂದ ಮಕ್ಕಳನ್ನೆಲ್ಲ ಗದರಿಸಿ ಕಳಿಸುತ್ತಿದ್ದರು. "ಎಲ್ಲರ ಕೈ ರುಚಿ ಹತ್ತಿಬಿಟ್ರೆ ಆಮೇಲೆ ಕಾವಲು ಕಾಯಲ್ಲ ಮೇಡಂ. ಬೇರೆಯವರ ಮುಖಾನೇ ನೋಡಬಾರದು" ಎಂದು ಆ ಮನೆಯಾಕೆ ನನಗೆ ವಿವರಿಸಿದ್ದರು. ಇದು ಅವರೊಬ್ಬರ ನಂಬಿಕೆಯಲ್ಲ. ನಮ್ಮ ಊರುಗಳಲ್ಲಿ ಹತ್ತರಲ್ಲಿ ಎಂಟು ಮನೆಯವರು ಹೇಳುವುದು ಇದನ್ನೇ.

ವರ್ಷ ಕಳೆಯುವಷ್ಟರಲ್ಲಿ ಆ ನಾಯಿ ಕರುವಿನಷ್ಟು ಬೆಳೆದಿತ್ತು. ಗ್ಯಾಸ್ ಸಿಲಿಂಡರಿನವನ ಸದ್ದಿಗೆ, ಹೆಲ್ಮೆಟ್ ಹಾಕಿದವರಿಗೆ, ಕೊಡೆ ಬಿಚ್ಚಿದವರಿಗೆ, ಗಾಳಿಗೆ ಹಾರಿದ ಪ್ಲಾಸ್ಟಿಕ್ ಕವರಿಗೆ ಕೂಡ ಗೋಡೆಗೆ ಬೆನ್ನು ಒತ್ತಿಕೊಂಡು, ಬಾಲವನ್ನು ಕಾಲ ನಡುವೆ ಸೇರಿಸಿಕೊಂಡು ಬೊಗಳುತ್ತಿತ್ತು. ಅದನ್ನು ಕೇಳಿದವರು ಎಂಥ ಗಟ್ಟಿ ನಾಯಿ ಎಂದು ಮೆಚ್ಚುತ್ತಿದ್ದರು. ಒಂದು ಸಂಜೆ ಪಕ್ಕದ ಮನೆಯ ಹುಡುಗಿ, ನಮ್ಮ ಶಾಲೆಯ ಎಂಟನೇ ತರಗತಿಯವಳು, ಒಳಗೆ ಬಿದ್ದ ಶಟಲ್ ಕಾಕ್ ತೆಗೆದುಕೊಳ್ಳಲು ಬಗ್ಗಿದಳು. ಸರಪಣಿ ಸಡಿಲವಾಗಿತ್ತು. ಮೊಣಕೈಯ ಮೇಲೆ ನಾಲ್ಕು ಹಲ್ಲು ಆಳವಾಗಿ ಇಳಿದವು.

ಗಾಯವನ್ನು ನಲ್ಲಿ ನೀರಿನ ಕೆಳಗೆ ಹಿಡಿದು ಸೋಪು ಹಾಕಿ ತೊಳೆದದ್ದು, ಆಸ್ಪತ್ರೆಗೆ ಓಡಿದ್ದು, ಆಮೇಲೆ ವಾರಗಟ್ಟಲೆ ನಡೆದ ಚುಚ್ಚುಮದ್ದಿನ ಸರದಿ, ಇವೆಲ್ಲ ಸಾಂಗವಾಗಿ ನಡೆದು ಹುಡುಗಿ ಉಳಿದುಕೊಂಡಳು. ನಾಯಿ ಉಳಿಯಲಿಲ್ಲ. ಒಂದು ರಾತ್ರಿ ಅದನ್ನು ಟೆಂಪೋದಲ್ಲಿ ಹಾಕಿಕೊಂಡು ಹೋಗಿ ಎಲ್ಲೋ ದೂರ ಕಬ್ಬಿನ ಗದ್ದೆಗಳ ಕಡೆ ಬಿಟ್ಟು ಬಂದರು ಎಂದು ತಿಳಿಯಿತು. ಜೀವನದಲ್ಲಿ ಆರೇಳು ಮುಖಗಳಿಗಿಂತ ಹೆಚ್ಚು ನೋಡದಿದ್ದ ಪ್ರಾಣಿಗೆ ಇದ್ದಕ್ಕಿದ್ದಂತೆ ಇಡೀ ಲೋಕವನ್ನು ತೆರೆದುಕೊಟ್ಟರು. ಚಿರತೆಗಳು ಓಡಾಡುವ ಸೀಮೆಯಲ್ಲಿ ಅದು ಎಷ್ಟು ದಿನ ಬದುಕಿತೋ. ಕಚ್ಚಿದ ತಪ್ಪು ಅದರದ್ದೆನ್ನೋಣವೇ? ಎಂಟು ವರ್ಷ ಕೋಣೆಯಲ್ಲಿ ಕೂಡಿಹಾಕಿದ ಹುಡುಗನನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂರಿಸಿ, ಫೇಲಾದನೆಂದು ಹೊಡೆದಂತಾಯಿತು ಅಷ್ಟೆ.

ಕೆ.ಆರ್. ಪೇಟೆಯಲ್ಲಿ ನಮ್ಮ ಮನೆಯ ಓನರ್ ತಾಯಿ ಒಬ್ಬ ಅಜ್ಜಿ ಇದ್ದರು. ಅವರೂ ಒಂದು ಮರಿ ಸಾಕಿದರು, ಬೀದಿಯ ನಾಟಿ ಜಾತಿಯದು. ಅಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡೇ ಬೆಳಿಗ್ಗೆ ಹಾಲಿನ ಡೈರಿಗೆ ಹೋಗುವರು. ಹಾಲು ಅಳೆಯುವವನ ಕೈಗೆ ಒಂದು ಗಳಿಗೆ ಕೊಡುವರು. ಸೊಪ್ಪಿನವಳು ಬಂದರೆ ಅವಳ ಮಡಿಲಿಗೆ, ಬಳೆಗಾರ ಬಂದರೆ ಅವನ ಮಲಾರದ ಪಕ್ಕಕ್ಕೆ. ಶಾಲೆ ಬಿಟ್ಟ ಮಕ್ಕಳು ಜಗುಲಿಯ ಮೇಲೆ ಕೂತರೆ ಒಬ್ಬೊಬ್ಬರ ತೊಡೆಯ ಮೇಲೂ ಸ್ವಲ್ಪ ಹೊತ್ತು. ಮಿಕ್ಸಿ ತಿರುಗಿಸುವಾಗ, ರಾಗಿ ಬೀಸಲು ಮಿಲ್ಲಿಗೆ ಹೋದಾಗ, ದೂರದಲ್ಲಿ ತಮಟೆ ಬಡಿಯುವಾಗ ಮರಿಯ ಬಾಯಿಗೆ ಒಂದು ಚೂರು ಮುದ್ದೆ. ನಾನು ನಕ್ಕಾಗ ಅಜ್ಜಿ ಹೇಳಿದ್ದರು: "ನೋಡವ್ವ ಟೀಚರಮ್ಮ, ಕೂಸನ್ನ ಹತ್ತು ಜನ ಎತ್ತಿ ಆಡಿಸುದ್ರೆ ಹೆದ್ರಿಕೆ ಹೋಯ್ತದೆ. ಇದೂ ಒಂದು ಕೂಸಲ್ವಾ?"

ಆ ನಾಯಿ ನಾವಿದ್ದ ಏಳು ವರ್ಷದಲ್ಲಿ ಯಾರನ್ನೂ ಕಚ್ಚಲಿಲ್ಲ. ಕಾವಲು ಕಾಯಲಿಲ್ಲವೇ ಎಂದರೆ, ಹಾಗೂ ಅಲ್ಲ. ರಾತ್ರಿ ಎರಡು ಗಂಟೆಗೆ ಗೇಟಿನ ಚಿಲಕ ಅಲ್ಲಾಡಿದರೆ ಅದರ ದನಿಯೇ ಬೇರೆ. ಹಗಲಿನ ಸದ್ದುಗಳೆಲ್ಲ ಪರಿಚಯವಿದ್ದುದರಿಂದಲೇ ರಾತ್ರಿಯ ಹೊಸ ಸದ್ದು ಅದಕ್ಕೆ ಬೇರೆಯಾಗಿ ಕೇಳುತ್ತಿತ್ತು. ಎಲ್ಲಕ್ಕೂ ಬೊಗಳುವ ನಾಯಿ ಬೊಗಳಿದರೆ ಮನೆಯವರು ಮಗ್ಗುಲು ಬದಲಿಸಿ ಮಲಗುತ್ತಾರೆ. ಹೊತ್ತರಿತು ಬೊಗಳುವ ನಾಯಿ ಬೊಗಳಿದರೆ ಎದ್ದು ದೀಪ ಹಾಕುತ್ತಾರೆ.

ಅಜ್ಜಿಯ ಮಾತಿಗೆ ವಿಜ್ಞಾನದ ಆಧಾರವೂ ಇದೆ. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್ ಎಂಬ ಊರಿನ ಜಾಕ್ಸನ್ ಪ್ರಯೋಗಾಲಯದಲ್ಲಿ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಎಂಬ ಇಬ್ಬರು ವಿಜ್ಞಾನಿಗಳು ನಾಯಿಮರಿಗಳನ್ನು ಹಲವಾರು ವರ್ಷ ಅಭ್ಯಾಸ ಮಾಡಿ 1965ರಲ್ಲಿ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು. ಅದಕ್ಕೂ ಮೊದಲು 1961ರಲ್ಲಿ ಅಲ್ಲಿಯದೇ ಒಂದು ಪ್ರಯೋಗದ ವರದಿ ಬಂದಿತ್ತು. ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ ತಾಯಿ ಮರಿಗಳನ್ನು ಬಿಟ್ಟು, ಮನುಷ್ಯರು ಕಣ್ಣಿಗೆ ಬೀಳದಂತೆ ಊಟ ಕೊಟ್ಟು ಸಾಕಿದರು. ಕೆಲವು ಮರಿಗಳನ್ನು 2ನೇ ವಾರ, ಕೆಲವನ್ನು 3, 5, 7, 9ನೇ ವಾರ ಹೊರಗೆ ತಂದು ಒಂದೊಂದು ವಾರ ಜನರ ಜೊತೆ ಆಡಲು ಬಿಟ್ಟರು. ಕೆಲವನ್ನು ಮಾತ್ರ 14 ವಾರದವರೆಗೆ ಹೊರಗೆ ತರಲೇ ಇಲ್ಲ. ನಡುವೆ ಒಂದು ವಾರ, ಅದರಲ್ಲೂ 5ರಿಂದ 9ನೇ ವಾರದ ಹೊತ್ತಿಗೆ, ಮನುಷ್ಯರನ್ನು ಕಂಡಿದ್ದ ಮರಿಗಳು ಆಮೇಲೂ ಜನರಿಗೆ ಹೊಂದಿಕೊಂಡವು. 14 ವಾರ ಯಾರನ್ನೂ ಕಾಣದ ಮರಿಗಳು ಮನುಷ್ಯರನ್ನು ಕಂಡರೆ ಕಾಡುಪ್ರಾಣಿಗಳಂತೆ ಬೆದರಿದವು.

ಹುಟ್ಟಿದ ಮೂರನೇ ವಾರದಿಂದ ಸುಮಾರು 12-14ನೇ ವಾರದವರೆಗೆ ಮರಿಯ ಮನಸ್ಸಿನ ಬಾಗಿಲು ತೆರೆದಿರುತ್ತದೆ. ಆಗ ಏನನ್ನು ಕಂಡರೂ "ಇದೂ ನನ್ನ ಲೋಕದ್ದೇ" ಎಂದು ಒಳಗೆ ಬಿಟ್ಟುಕೊಳ್ಳುತ್ತದೆ. ಅದಾದ ಮೇಲೆ ಬಾಗಿಲು ಮೆಲ್ಲಮೆಲ್ಲನೆ ಮುಚ್ಚುತ್ತ ಬಂದು, ಹೊಸದೆಲ್ಲ ಭಯವಾಗತೊಡಗುತ್ತದೆ. ಎಂಟು ವಾರದ ಮರಿಯನ್ನು ತಂದರೆ ನಮ್ಮ ಕೈಯಲ್ಲಿ ಉಳಿದಿರುವುದು ಐದಾರು ವಾರ. ಒಂದು ಬೇಸಿಗೆ ರಜೆಯಷ್ಟೂ ಇಲ್ಲ!

ಈ ಐದಾರು ವಾರವನ್ನು ಹಾಳುಮಾಡಬಾರದೆಂದೇ ಹೊರದೇಶಗಳಲ್ಲಿ ನಾಯಿಮರಿಗಳ ತರಗತಿ ಹುಟ್ಟಿಕೊಂಡಿತು. ಹಿಂದೆ ಅಲ್ಲಿಯೂ ನಾಯಿಗೆ ಆರು ತಿಂಗಳಾದ ಮೇಲೆಯೇ ಶಿಕ್ಷಣ, ಅದೂ ಕೊರಳಪಟ್ಟಿ ಜಗ್ಗಿ ಕಲಿಸುವ ಶಿಕ್ಷಣ. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಇಯಾನ್ ಡನ್‌ಬಾರ್ ಎಂಬ ಪಶುವೈದ್ಯರು 1980ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪುಟ್ಟ ಮರಿಗಳಿಗೇ ತರಗತಿ ತೆರೆದರು. ಹಗ್ಗವಿಲ್ಲ, ಹೊಡೆತವಿಲ್ಲ. ಮರಿಗಳು ಒಂದರ ಮೇಲೊಂದು ಬಿದ್ದು ಆಡುತ್ತಿರಬೇಕು; ನಡುನಡುವೆ ಒಡೆಯರು ಕರೆಯಬೇಕು; ಬಂದ ಮರಿಗೆ ತಿನಿಸು ಕೊಟ್ಟು ಮತ್ತೆ ಆಟಕ್ಕೆ ಬಿಡಬೇಕು. ಮರಿಯನ್ನು ಒಬ್ಬರಿಂದೊಬ್ಬರ ಕೈಗೆ ದಾಟಿಸಿ ಕಿವಿ, ಬಾಯಿ, ಪಾದ ಮುಟ್ಟಿಸಿ ಅಭ್ಯಾಸ ಮಾಡಿಸಬೇಕು. ನಮ್ಮ ರಾಜ್ಯದಲ್ಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯನ್ನು ಬಲ್ಲ ಟೀಚರುಗಳಿಗೆ ಇದು ಹೊಸದಲ್ಲ. ನಲಿಯುತ್ತ ಕಲಿತದ್ದು ನಿಲ್ಲುತ್ತದೆ, ಬೆದರಿ ಕಲಿತದ್ದು ಬೆದರಿಕೆ ಇರುವವರೆಗೆ ಮಾತ್ರ.

ಆಟದಲ್ಲಿ ಮರಿ ಕಲಿಯುವ ಬಹುದೊಡ್ಡ ಪಾಠ ಹಲ್ಲಿನ ಹದ. ಒಂದು ಮರಿ ಇನ್ನೊಂದನ್ನು ಜೋರಾಗಿ ಕಚ್ಚಿದರೆ ಅದು ಕುಂಯ್ ಎಂದು ಕೂಗಿ ಆಟ ಬಿಟ್ಟು ಹೋಗುತ್ತದೆ. ಆಟ ನಿಂತದ್ದೇ ಕಚ್ಚಿದ್ದಕ್ಕೆ ಶಿಕ್ಷೆ. ಹೀಗೆ ನೂರು ಸಲ ಆದಮೇಲೆ ಎಷ್ಟು ಕಚ್ಚಿದರೆ ನೋವು, ಎಷ್ಟು ಕಚ್ಚಿದರೆ ಆಟ ಎಂಬ ಲೆಕ್ಕ ಅದಕ್ಕೆ ಸಿಗುತ್ತದೆ. ಇಪ್ಪತ್ತೈದು ಮೂವತ್ತು ದಿನಕ್ಕೇ ತಾಯಿಯಿಂದ ಬಿಡಿಸಿ ತಂದ ಮರಿಗೆ ಈ ಲೆಕ್ಕ ಹೇಳಿಕೊಡುವವರೇ ಇಲ್ಲ. ನಮ್ಮ ದೇಶದ 2017ರ ನಾಯಿ ತಳಿ ಮತ್ತು ಮಾರಾಟದ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಕೊಳ್ಳುವವರು ನಾವು "ಕಣ್ಣು ಬಿಟ್ಟ ಮರಿ ಸಾಕು" ಎನ್ನುವುದನ್ನು ನಿಲ್ಲಿಸಿದರೆ ನಿಯಮಕ್ಕೂ ಬೆಲೆ ಬಂದೀತು.

"ಅದೆಲ್ಲ ಸರಿ, ಚುಚ್ಚುಮದ್ದು ಮುಗಿಯದೆ ಮರಿಯನ್ನು ಹೊರಗೆ ಬಿಡಬೇಡಿ ಅಂತಾರಲ್ಲ?" ಎಂದು ತಿಳಿದವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಪಾರ್ವೋ ಎಂಬ ವೈರಸ್ ರೋಗ ಹತ್ತಿದರೆ ವಾಂತಿ, ರಕ್ತಭೇದಿಯಾಗಿ ಮರಿ ಎರಡು ಮೂರು ದಿನಕ್ಕೇ ಸಾಯಬಹುದು. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಸುಮಾರು ಹದಿನಾರು ವಾರದವರೆಗೆ ಮುಂದಿನವು, ಮೂರು ತಿಂಗಳಿಗೆ ರೇಬೀಸ್ ಲಸಿಕೆ, ಇದು ಕ್ರಮ. ಅಂದರೆ ಲಸಿಕೆಗಳು ಮುಗಿಯುವ ಹೊತ್ತಿಗೆ ಮನಸ್ಸಿನ ಬಾಗಿಲು ಮುಚ್ಚಿರುತ್ತದೆ. ಈ ಇಕ್ಕಟ್ಟಿಗೆ ಅಮೆರಿಕದ ಪ್ರಾಣಿವರ್ತನೆಯ ಪಶುವೈದ್ಯರ ಸಂಘ 2008ರಲ್ಲಿ ಉತ್ತರ ಹೇಳಿತು. ಮೊದಲ ಲಸಿಕೆ ಮತ್ತು ಜಂತುಹುಳುವಿನ ಔಷಧ ಆಗಿ ಒಂದು ವಾರ ಕಳೆದ ಮೇಲೆ ಏಳೆಂಟು ವಾರದ ಮರಿಯನ್ನು ಸ್ವಚ್ಛವಾದ ಜಾಗದ ತರಗತಿಗೆ ಕರೆದೊಯ್ಯಬಹುದು ಎಂದಿತು. ಜೊತೆಗೆ ಇನ್ನೊಂದು ಮಾತನ್ನೂ ಹೇಳಿತು: ಮೂರು ವರ್ಷದೊಳಗಿನ ನಾಯಿಗಳ ಸಾವಿಗೆ ಮೊದಲ ಕಾರಣ ಸೋಂಕುರೋಗವಲ್ಲ, ನಡತೆಯ ತೊಂದರೆ. ಅಲ್ಲಿ ನಡತೆ ಕೆಟ್ಟ ನಾಯಿಯನ್ನು ಮನೆಯವರು ಆಶ್ರಯಧಾಮಕ್ಕೆ ಒಪ್ಪಿಸುತ್ತಾರೆ, ಎಷ್ಟೋ ನಾಯಿಗಳು ಅಲ್ಲಿಂದ ಹೊರಬರುವುದೇ ಇಲ್ಲ. ಇಲ್ಲಿ ನಾವು ಟೆಂಪೋದಲ್ಲಿ ಹಾಕಿ ಕಬ್ಬಿನ ಗದ್ದೆಗೆ ಕಳಿಸುತ್ತೇವೆ.

ನಾಗಮಂಗಲಕ್ಕೆ ಬಂದಮೇಲೆ ಈ ವಿಷಯ ನನಗೆ ಇನ್ನೂ ಹತ್ತಿರವಾಯಿತು. 2020ರ ಮಾರ್ಚಿಯಲ್ಲಿ ಲಾಕ್‌ಡೌನ್ ಬಂತಲ್ಲ, ಆಗಲೇ ನಮ್ಮ ಎದುರು ಮನೆಗೆ ಒಂದು ಲ್ಯಾಬ್ರಡಾರ್ ಮರಿ ಬಂದಿತ್ತು. ಲ್ಯಾಬ್ರಡಾರ್ ಎಂದರೆ ಸಾಧು ಜಾತಿ ಎಂದು ಹೆಸರು. ಅದನ್ನು ಯಾರೂ ಕಟ್ಟಿಹಾಕಲಿಲ್ಲ, ಹೊಡೆಯಲಿಲ್ಲ. ಮನೆಯವರ ಕಣ್ಮಣಿಯಾಗಿಯೇ ಬೆಳೆಯಿತು. ಆದರೆ ಅದು ಲೋಕ ನೋಡಬೇಕಾದ ವಾರಗಳಲ್ಲಿ ಲೋಕಕ್ಕೇ ಬೀಗ ಬಿದ್ದಿತ್ತು. ನೆಂಟರಿಲ್ಲ, ಮಕ್ಕಳಿಲ್ಲ, ಬೀದಿಯಲ್ಲಿ ಗಾಡಿಯ ಸದ್ದಿಲ್ಲ, ಕಂಡ ಮುಖಕ್ಕೂ ಮಾಸ್ಕು. ಎರಡು ವರ್ಷದ ನಾಯಿಯಾದರೂ ಅದು ಗೇಟು ದಾಟಲು ಹೆದರುತ್ತಿತ್ತು. ಮಗು ಓಡಿದರೆ ಮಂಚದ ಕೆಳಗೆ ಸೇರಿ ಗುರುಗುಟ್ಟುತ್ತಿತ್ತು.

ಅದನ್ನು ನೋಡಿದಾಗಲೆಲ್ಲ ನನಗೆ ಆ ವರ್ಷದ ಮಕ್ಕಳ ನೆನಪಾಗುತ್ತಿತ್ತು. 2020ರ ಆಗಸ್ಟಿನಲ್ಲಿ ವಿದ್ಯಾಗಮ ಯೋಜನೆ ಬಂದಾಗ ನಾವು ಶಿಕ್ಷಕರು ಹಳ್ಳಿಗಳಿಗೆ ಹೋಗಿ ದೇವಸ್ಥಾನದ ಜಗುಲಿ, ಅರಳಿಕಟ್ಟೆಗಳ ಮೇಲೆ ಪಾಠ ಮಾಡಿದೆವು. ಅಕ್ಟೋಬರಿನಲ್ಲಿ ಅದೂ ನಿಂತಿತು. ಒಂದರಿಂದ ಐದನೇ ತರಗತಿಯ ಮಕ್ಕಳಿಗೆ ಶಾಲೆಯ ಬಾಗಿಲು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ದಿನ ನಮ್ಮ ಆವರಣದ ಪ್ರಾಥಮಿಕ ಶಾಲೆಗೆ ಬಂದ ಪುಟ್ಟ ಮಕ್ಕಳು ಪಕ್ಕದ ಮಗುವಿನ ಕೈ ಹಿಡಿಯಲೂ ಅಂಜುತ್ತಿದ್ದರು. ಅಕ್ಷರ ತಪ್ಪಿದ್ದನ್ನು ಆಮೇಲೆ ತುಂಬಿಕೊಡಬಹುದು. ಹತ್ತು ಜನರ ನಡುವೆ ಇರುವುದನ್ನು ತುಂಬಿಕೊಡುವುದು ಕಷ್ಟದ ಕೆಲಸ. ಮಗುವಿಗಾದರೂ ಬಾಲ್ಯ ವರ್ಷಗಟ್ಟಲೆ ಇರುತ್ತದೆ, ನಾಯಿಮರಿಗೆ ಇರುವುದು ಬರೀ ವಾರಗಳು.

2022ರಲ್ಲಿ ನಾವೊಂದು ಮರಿ ತಂದೆವು. ನಾಟಿ ಜಾತಿ, ಹೆಣ್ಣು. ಹೆಣ್ಣುಮರಿ ಯಾರಿಗೂ ಬೇಡ, ಗೋಣಿಚೀಲದಲ್ಲಿ ಹಾಕಿ ಸಂತೆಮಾಳದಲ್ಲಿ ಬಿಟ್ಟುಹೋಗುವುದು ನಿಮಗೂ ಗೊತ್ತು. ಅದೇ ತಿಂಗಳು ನಮ್ಮ ಬೀದಿಯಲ್ಲಿ ಇನ್ನೂ ಮೂರು ಮರಿಗಳು ಬಂದಿದ್ದವು: ನಿವೃತ್ತ ಕಂಡಕ್ಟರರ ಮನೆಗೊಂದು, ಮೊಬೈಲ್ ಅಂಗಡಿಯವರಿಗೊಂದು ಬಿಳಿ ಪಮೇರಿಯನ್, ಬಟ್ಟೆ ಹೊಲಿಯುವಾಕೆಗೊಂದು. ಬೆಂಗಳೂರಿನಲ್ಲಿರುವ ನನ್ನ ಮಗಳು ತನ್ನ ಮರಿಯನ್ನು ಅಲ್ಲಿನ ತರಗತಿಗೆ ಕರೆದೊಯ್ದಿದ್ದಳು. ಅವಳು ಫೋನಿನಲ್ಲಿ ಹೇಳಿದಂತೆ, ನಾಲ್ಕಕ್ಕೂ ಮೊದಲ ಲಸಿಕೆಯಾಗಿ ವಾರ ಕಳೆದ ಮೇಲೆ, ನಮ್ಮ ಹಿತ್ತಿಲನ್ನು ತೊಳೆದು ಭಾನುವಾರ ಬೆಳಿಗ್ಗೆ ಒಂದು ಗಂಟೆ ಮರಿಗಳನ್ನು ಸೇರಿಸತೊಡಗಿದೆವು. ಪಶು ಆಸ್ಪತ್ರೆಯ ಡಾಕ್ಟರನ್ನು ಮೊದಲೇ ಕೇಳಿದ್ದೆ. "ರೋಗದ ನಾಯಿ ಓಡಾಡಿದ ಜಾಗ ಆಗಬಾರದು ಮೇಡಂ, ಅಷ್ಟು ನೋಡ್ಕೊಳ್ಳಿ" ಎಂದಿದ್ದರು.

ಮಾಡಿದ್ದು ದೊಡ್ಡದೇನಲ್ಲ. ಮೊದಲ ಅರ್ಧ ಗಂಟೆ ಆಟ. ಆಮೇಲೆ ಒಂದೊಂದು ವಾರ ಒಂದೊಂದು ಹೊಸ ಪರಿಚಯ: ಹೆಲ್ಮೆಟ್, ಮಳೆಕೋಟು, ಬಿಚ್ಚಿದ ಕೊಡೆ, ಊರುಗೋಲು ಹಿಡಿದ ತಾತ, ಗಡ್ಡದ ಮಾವ, ಓಡುವ ಮಗು, ಕುಕ್ಕರಿನ ಸೀಟಿ. ಕಂಚು ಹಿತ್ತಾಳೆಯ ಕೆಲಸಕ್ಕೆ ಹೆಸರಾದ ನಾಗಮಂಗಲದಲ್ಲಿ ಲೋಹ ಬಡಿಯುವ ಸದ್ದಿಗೇನೂ ಬರವಿಲ್ಲ. ಮರಿ ಹೆದರಿದರೆ ದೂರಕ್ಕೆ ಎತ್ತಿಕೊಂಡು ಹೋಗಿ ಅಲ್ಲಿಂದ ತೋರಿಸಿ ತಿನಿಸು ಕೊಡುವುದು, ಹತ್ತಿರಕ್ಕೆ ಬಲವಂತವಾಗಿ ಎಳೆಯದಿರುವುದು. ಬಾ, ಕೂತ್ಕೋ, ಬಿಡು ಎಂಬ ಮೂರೇ ಮಾತು ಕಲಿಸಿದೆವು. ಇದರಲ್ಲೊಂದು ತಮಾಷೆ. ನಮ್ಮಲ್ಲಿ ಮನೆಮಂದಿಯೆಲ್ಲ ಕನ್ನಡ ಮಾತಾಡಿದರೂ ನಾಯಿಗೆ ಮಾತ್ರ ಇಂಗ್ಲಿಷ್ ಮೀಡಿಯಂ! ಅಪ್ಪ 'ಸಿಟ್' ಎನ್ನುತ್ತಾನೆ, ಅಮ್ಮ 'ಕೂತ್ಕೊಳೇ' ಎನ್ನುತ್ತಾಳೆ, ಅಜ್ಜಿ 'ಥೂ, ಬಿದ್ದಿರು ಅಲ್ಲಿ' ಎನ್ನುತ್ತಾಳೆ. ಪಾಪ, ಅದು ಯಾರ ಮಾತು ಕೇಳಬೇಕು? ಯಾವ ಭಾಷೆಯಾದರೂ ಆಗಲಿ, ಮನೆಯವರೆಲ್ಲ ಒಂದೇ ಮಾತು ಬಳಸಿದರೆ ಮರಿ ಎರಡು ದಿನಕ್ಕೆ ಕಲಿಯುತ್ತದೆ.

ಆರು ಭಾನುವಾರದ ಆ ಬಾಲವಾಡಿಯ ನಾಲ್ಕು ವಿದ್ಯಾರ್ಥಿಗಳೂ ಈಗ ದೊಡ್ಡ ನಾಯಿಗಳು. ಅಂಚೆಯವನು, ಪೇಪರಿನ ಹುಡುಗ, ಮೀಟರ್ ಓದುವವನು ನಿರಾಳವಾಗಿ ಬಂದುಹೋಗುತ್ತಾರೆ. ಡಾಕ್ಟರು ಬಾಯಿ ತೆರೆಸಿದರೆ ತೆರೆಯುತ್ತವೆ. ನಮ್ಮ ಹೆಣ್ಣಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದಾಗಲೂ ಗಲಾಟೆ ಮಾಡಲಿಲ್ಲ. ಎದುರು ಮನೆಯ ಲಾಕ್‌ಡೌನ್ ನಾಯಿಗೂ ದೂರದಿಂದಲೇ ನಿಧಾನವಾಗಿ ಅಭ್ಯಾಸ ಮಾಡಿಸಿದರು. ಈಗ ಅದು ಬೀದಿಯ ಕೊನೆಯವರೆಗೆ ಹೋಗಿಬರುತ್ತದೆ. ಆದರೆ ಮರಿಗಳು ಆರು ವಾರದಲ್ಲಿ ಕಲಿತದ್ದಕ್ಕೆ ಅದಕ್ಕೆ ಒಂದೂವರೆ ವರ್ಷ ಹಿಡಿಯಿತು, ಮಕ್ಕಳ ಭಯ ಇನ್ನೂ ಪೂರ್ತಿ ಹೋಗಿಲ್ಲ. ತಡವಾಗಿ ಶಾಲೆಗೆ ಬಂದ ಮಗು ಕಲಿಯುವುದೇ ಇಲ್ಲವೆಂದಲ್ಲ, ಅದರ ಹಾದಿ ಉದ್ದ.

ನಾಯಿಯನ್ನು ಜನರ ನಡುವೆ ಇಟ್ಟುಕೊಳ್ಳುವುದು ನಮ್ಮ ಸೀಮೆಗೆ ಹೊಸತೂ ಅಲ್ಲ. ಇದೇ ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿಯಲ್ಲಿ ನೆಲೆಸಿರುವವನು ಕಾಲಭೈರವ. ನಾಯಿ ಅವನ ವಾಹನ. ನಮ್ಮ ಜಿಲ್ಲೆಯದೇ ಆದ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ನಾನು ಪ್ರತಿ ವರ್ಷ ಪಾಠದಲ್ಲಿ ಹೇಳುತ್ತೇನೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲು ಕ್ರಿ.ಶ. 949-50ರ ಸುಮಾರಿನದು. ತಕ್ಕೋಲಂ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಗಂಗರ ಬೂತುಗನು ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಹಂದಿಯೂ ನಾಯಿಯೂ ಜೊತೆಗೇ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಕಾಳಿ ಎಂದು ಹೆಸರಿಡಿದು ಕರೆದರೆ ಬರುತ್ತಿದ್ದ, ಒಡೆಯ ಬದಲಾದರೂ ಹೊಂದಿಕೊಂಡ ನಾಯಿ ಅದು. ಸರಪಣಿಯ ತುದಿಯಲ್ಲಿ ಹೆದರಿ ಬೆಳೆದ ಪ್ರಾಣಿಯನ್ನು ಯಾವ ವೀರ ಬಹುಮಾನವಾಗಿ ಬೇಡುತ್ತಿದ್ದ?

ಇದರ ಇನ್ನೊಂದು ಅರ್ಧ ಮಕ್ಕಳಿಗೆ ಕಲಿಸಬೇಕಾದದ್ದು. ಅನುಮಾನಾಸ್ಪದ ಪ್ರಾಣಿಗಳಿಂದ ಕಚ್ಚಿಸಿಕೊಂಡವರಲ್ಲಿ ಹತ್ತರಲ್ಲಿ ನಾಲ್ಕು ಮಂದಿ ಹದಿನೈದು ವರ್ಷದೊಳಗಿನವರು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗಾಗಿ ಪ್ರತಿ ವರ್ಷ ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದಂದು ನಾನು ಒಂದು ಪೀರಿಯಡ್ ಇದಕ್ಕೇ ಮೀಸಲಿಡುತ್ತೇನೆ. ಉಣ್ಣುವ ನಾಯಿಯನ್ನು, ಮರಿಗಳ ಜೊತೆಗಿರುವ ತಾಯಿಯನ್ನು ಮುಟ್ಟಬೇಡಿ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ಮರದ ಹಾಗೆ ನಿಲ್ಲಿ. ಕಚ್ಚಿದರೆ, ಪರಚಿದರೂ ಸರಿ, ಹೊಡೆತಕ್ಕೆ ಹೆದರಿ ಮನೆಯಲ್ಲಿ ಮುಚ್ಚಿಡಬೇಡಿ. ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಿನಲ್ಲಿ ತೊಳೆದು, ಅರಿಶಿನ ಕಾರಪುಡಿ ಏನನ್ನೂ ಹಚ್ಚದೆ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅಲ್ಲಿ ಚರ್ಮದೊಳಗೆ ಹಾಕುವ ಲಸಿಕೆಯನ್ನು ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ ಕೊಡುತ್ತಾರೆ. ಒಂದನ್ನೂ ತಪ್ಪಿಸಬಾರದು. ರೇಬೀಸಿನ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆನ್ನುವಷ್ಟು ಅಪರೂಪ. ನಾಯಿಯಿಂದ ಬರುವ ರೇಬೀಸನ್ನು 2030ರೊಳಗೆ ಇಲ್ಲವಾಗಿಸಬೇಕೆಂದು ದೇಶ 2021ರಲ್ಲಿ ಯೋಜನೆ ಹಾಕಿಕೊಂಡಿದೆ. ಎಂಥ ಸಾಧು ನಾಯಿಗೂ ಲಸಿಕೆ ತಪ್ಪಬಾರದು. ಒಳ್ಳೆಯ ನಡತೆ ಲಸಿಕೆಯ ಬದಲಿಗಲ್ಲ, ಅದರ ಜೊತೆಗೆ.

1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಸದಾ ಕಟ್ಟಿಹಾಕಿದ ನಾಯಿಯನ್ನು ಅಡ್ಡಾಡಿಸದಿರುವುದನ್ನು ಅಪರಾಧವೆಂದೇ ಹೇಳುತ್ತದೆ. ಆದರೆ ನಮ್ಮ ಊರುಗಳಲ್ಲಿ ಕಾಯಿದೆಗಿಂತ ಮೊದಲು ಕೈಗೆ ಸಿಗುವವರು ಮನೆಯ ಹೆಣ್ಣುಮಕ್ಕಳು. ಮರಿಯನ್ನು ತರುವವರು ಗಂಡಸರು, ಹೆಸರಿಡುವವರು ಮಕ್ಕಳು, ಮೂರು ಹೊತ್ತು ಊಟ ಹಾಕಿ ಹಗಲೆಲ್ಲ ಅದರ ಜೊತೆಗಿರುವವರು ನಾವು. ತಾಲ್ಲೂಕಿಗೊಂದು ಪಶು ಆಸ್ಪತ್ರೆ ಇದೆ. ಅಲ್ಲಿ ಲಸಿಕೆಗೆ ಬರುವ ಮರಿಗಳ ಮನೆಯವರು ಒಬ್ಬರಿಗೊಬ್ಬರು ಪರಿಚಯ ಮಾಡಿಕೊಂಡು ವಾರಕ್ಕೊಂದು ಗಂಟೆ ಯಾರದಾದರೂ ಹಿತ್ತಿಲಿನಲ್ಲಿ ಸೇರಿದರೆ ಸಾಕು, ಬಾಲವಾಡಿ ಆಯಿತು. ಖರ್ಚು ಒಂದು ಮೊಟ್ಟೆ, ಅರ್ಧ ಮುದ್ದೆ.

ಹೊಸ ಮರಿ ಮನೆಗೆ ಬಂದ ದಿನ ಸರಪಣಿ ಕೊಳ್ಳಲು ಅಂಗಡಿಗೆ ಓಡಬೇಡಿ. ಮೊದಲು ಲಸಿಕೆಯ ದಿನ ಗೊತ್ತು ಮಾಡಿಕೊಳ್ಳಿ. ಆಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಜಗುಲಿಯ ಮೇಲೆ ಕೂತು, ದಾರಿಯಲ್ಲಿ ಹೋಗುವವರನ್ನು ಒಬ್ಬೊಬ್ಬರಾಗಿ ಕರೆದು ತೋರಿಸಿ. ಅದು ಲೋಕವನ್ನು ನಂಬಲು ಕಲಿಯುವ ವಾರಗಳು ಅವೇ, ಮತ್ತೆ ಬರುವುದಿಲ್ಲ.